ದೋಣಿ ಸಾಕಿದ್ದು

ಮೆಲ್ಬರ್ನಿನ ಪಾಯಿಂಟ್ ಕುಕ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಗೋಡೆಗೆ ಒರಗಿಸಿದ ಎರಡು ಹುಟ್ಟುಗಳಿವೆ. ದೋಣಿ ಇಲ್ಲ. ಮನೆಗೆ ಬಂದವರು ಹುಲ್ಲು ಕತ್ತರಿಸುವ ಮಿಶಿನ್ನಿನ ಪಕ್ಕದಲ್ಲಿ ಅವನ್ನು ಕಂಡು, "ಇದೇನ್ರೀ, ನಿಮ್ಮ ಹತ್ರ ದೋಣಿ ಇದೆಯಾ?" ಎಂದು ಕೇಳುತ್ತಾರೆ. "ಇತ್ತು, ಸಿಡ್ನಿಯಲ್ಲಿ. ಹಾಯಿದೋಣಿ" ಎನ್ನುತ್ತೇನೆ. ಅಷ್ಟಕ್ಕೇ ಅವರ ಕಣ್ಣಲ್ಲಿ ನನ್ನ ದರ್ಜೆ ಏರಿಬಿಡುತ್ತದೆ. ಸಿಡ್ನಿಯಲ್ಲಿ ಹಾಯಿದೋಣಿ ಇತ್ತು ಎಂದರೆ ಬೆಂಗಳೂರಿನಲ್ಲಿ ಸದಾಶಿವನಗರದ ಸೈಟು ಇತ್ತು ಎಂದ ಹಾಗೆ. ಅಷ್ಟರಲ್ಲಿ ಒಳಗಿನಿಂದ ಕಾಫಿ ತರುವ ಹೆಂಡತಿ, "ಆರೂವರೆ ಸಾವಿರ ಡಾಲರಿಂದು. ಸೆಕೆಂಡ್ ಹ್ಯಾಂಡು" ಎಂದು ಸೇರಿಸುತ್ತಾಳೆ. ಏರಿದ ದರ್ಜೆ ಕಾಫಿ ಮುಗಿಯುವುದರೊಳಗೆ ಇಳಿದಿರುತ್ತದೆ.

ನಾನು ಗಂಗೊಳ್ಳಿಯವನು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಟ್ಟಾಗಿ ಸಮುದ್ರಕ್ಕೆ ಬೀಳುವ ಜಾಗ. ಕುಂದಾಪುರ ಕಣ್ಣೆದುರಿಗೇ ಕಾಣುತ್ತದೆ, ರಸ್ತೆ ಹಿಡಿದರೆ ಮಾತ್ರ ತ್ರಾಸಿ ಸುತ್ತಿ ಹದಿನೈದು ಕಿಲೋಮೀಟರಿಗೂ ಮೀರಿದ ದಾರಿ. ಹಾಗಾಗಿ ದೋಣಿ ನಮಗೆ ಸೈಕಲ್ಲಿನಂಥ ವಸ್ತು. ಅಜ್ಜನದು ಹಾಯಿದೋಣಿ. ಅದರಲ್ಲಿ ಹಾಯಿ ಇದ್ದದ್ದಕ್ಕೆ ಕಾರಣ, ಇಂಜಿನ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪಯ್ಯನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ವರ್ಷ ಅವರು ಮಾಡಿದ ಮೊದಲ ಕೆಲಸ ದೋಣಿಗೊಂದು ಔಟ್‌ಬೋರ್ಡ್ ಮೋಟಾರು ಕಟ್ಟಿದ್ದು. ಬಿಚ್ಚಿದ ಹಾಯಿ ಅಂಗಳದಲ್ಲಿ ಮೀನು ಒಣಗಿಸುವ ಹಾಸಾಯಿತು. ಕೇರಿಯವರೆಲ್ಲ ಬಂದು ಮೋಟಾರನ್ನು ಮುಟ್ಟಿ ನೋಡಿ ಹೋದರು. ಎರಡು ತಲೆಮಾರು ಬೆವರು ಸುರಿಸಿ ಕಳಚಿಕೊಂಡ ಆ ಹಾಯಿಯನ್ನು ಮೂರನೆಯ ತಲೆಮಾರಿನ ನಾನು ಸಮುದ್ರ ದಾಟಿ ಬಂದು ದುಡ್ಡು ಕೊಟ್ಟು ಕೊಂಡೆ. ಅದೂ ಎಂಥ ಕಾಲದಲ್ಲಿ!

2008ರ ಜುಲೈಯಲ್ಲಿ ಆಸ್ಟ್ರೇಲಿಯಾದ ಡಾಲರು ಅಮೆರಿಕದ 98 ಸೆಂಟಿಗೆ ಏರಿತ್ತು. ಇನ್ನೇನು ಸರಿಸಮ ಆಗುತ್ತದೆ ಎಂದು ಸಿಡ್ನಿಯಲ್ಲಿ ನಾವಿದ್ದ ವೆಂಟ್‌ವರ್ತ್‌ವಿಲ್‌ನ ದಿನಸಿ ಅಂಗಡಿಯಲ್ಲೂ ಮಾತು. ಅಕ್ಟೋಬರಿನ ಹೊತ್ತಿಗೆ ಅದು 60ರ ಆಸುಪಾಸಿಗೆ ಬಿದ್ದಿತ್ತು. ಅಮೆರಿಕದ ಬ್ಯಾಂಕುಗಳು ಮುಳುಗಿದ ಸದ್ದು ಇಲ್ಲಿಗೆ ಸ್ವಲ್ಪ ತಡವಾಗಿ ಕೇಳಿಸಿತು, ಕೇಳಿಸಿದ ಮೇಲೆ ನಮ್ಮ ಕಚೇರಿಯಲ್ಲಿ ಶುಕ್ರವಾರ ಮಧ್ಯಾಹ್ನ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ರಿಸರ್ವ್ ಬ್ಯಾಂಕು ಶೇ. 7.25 ಇದ್ದ ಬಡ್ಡಿಯನ್ನು 2009ರ ಏಪ್ರಿಲ್ ಹೊತ್ತಿಗೆ ಶೇ. 3ಕ್ಕೆ ಇಳಿಸಿತು. ಪ್ರಧಾನಿ ಕೆವಿನ್ ರಡ್ ಸರ್ಕಾರ, ಖರ್ಚು ಮಾಡಿ ದೇಶ ಉಳಿಸಿ ಎಂದು ತೆರಿಗೆ ಕಟ್ಟುವ ದುಡಿಯುವವರಿಗೆ 900 ಡಾಲರಿನವರೆಗೆ ಹಂಚಿತು. ಹೆಚ್ಚಿನವರು ಟಿವಿ ಕೊಂಡರು. ನಾನು ಆಜ್ಞಾಪಾಲನೆಯಲ್ಲಿ ಸ್ವಲ್ಪ ಮುಂದೆ ಹೋದೆ.

ಆಗ ಸಿಡ್ನಿಯ ಜಾಹೀರಾತು ಪುಟಗಳಲ್ಲಿ ದೋಣಿಗಳು ಸಂತೆಗೆ ಬಂದ ಬಸಳೆಯಂತೆ ಬಿದ್ದಿದ್ದವು. ಎಪ್ಪತ್ತರ ದಶಕದ ಫೈಬರ್‌ಗ್ಲಾಸ್ ದೋಣಿಗಳು. ಮರದ ದೋಣಿಯಾದರೆ ಗೆದ್ದಲು ಹಿಡಿದೋ ಕೊರೆಹುಳು ತಿಂದೋ ಮರ್ಯಾದೆಯಿಂದ ಸಾಯುತ್ತದೆ. ಫೈಬರ್‌ಗ್ಲಾಸ್ ಸಾಯುವುದಿಲ್ಲ. ಯಜಮಾನ ಸತ್ತ ಮೇಲೂ ಕೊಲ್ಲಿಯಲ್ಲಿ ತೇಲುತ್ತಾ, ಹಸಿರು ಪಾಚಿ ಬೆಳೆಸಿಕೊಂಡು, ವಾರಸುದಾರರಿಗೆ ಬಿಲ್ಲು ಕಳಿಸುತ್ತಿರುತ್ತದೆ. ಕೆಲವು ದೋಣಿಗಳನ್ನು ಪುಕ್ಕಟೆಯಾಗಿಯೇ ಕೊಡುತ್ತಿದ್ದರು. ಅಲ್ಲಿಯ ಹಳಬರೊಬ್ಬರು ನನಗೆ ಕಿವಿಮಾತು ಹೇಳಿದರು: ಪುಕ್ಕಟೆ ದೋಣಿಯಷ್ಟು ದುಬಾರಿ ದೋಣಿ ಇನ್ನೊಂದಿಲ್ಲ. ಅವರ ಮಾತು ಕೇಳಿ ನಾನು ಪುಕ್ಕಟೆಯದನ್ನು ಬಿಟ್ಟು 6,500 ಡಾಲರಿಗೆ ಇಪ್ಪತ್ತೈದಡಿಯ ಒಂದು ಟಾಪ್ ಹ್ಯಾಟ್ ಕೊಂಡೆ. ರಡ್ ಸಾಹೇಬರ 900 ಅದರಲ್ಲಿ ಸೇರಿದೆ.

ಟಾಪ್ ಹ್ಯಾಟ್ ಎಂದರೆ ಸಿಡ್ನಿಯ ಹಳೆಯ ಹಾಯಿದೋಣಿಗಳ ಪೈಕಿ ಅಂಬಾಸಿಡರ್ ಕಾರು. ದಪ್ಪ ಮೈ, ಗಟ್ಟಿ ತಳ, ಅವಸರವಿಲ್ಲ. ಒಳಗೆ ನಾಲ್ಕು ಜನ ಮಲಗಬಹುದು ಎಂದು ಜಾಹೀರಾತಿನಲ್ಲಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಏಕೆ ಹೇಳಿದರೆಂದು ಅದರ ಮೂಲೆಯ ಮಂಚದಲ್ಲಿ ಒಂದು ರಾತ್ರಿ ಕಳೆದ ಮೇಲೆ ನನಗೆ ತಿಳಿಯಿತು.

ದೋಣಿ ಕೊಂಡರೆ ಸಾಲದು, ಕಟ್ಟಲು ಜಾಗ ಬೇಕು. ಮರೀನಾದಲ್ಲಿ ಕಟ್ಟುವುದು ನಮ್ಮಂಥವರ ಮಾತಲ್ಲ. ಇನ್ನೊಂದು ದಾರಿ ಮೂರಿಂಗ್. ನೀರಿನಡಿಯಲ್ಲಿ ಒಂದು ಭಾರವಾದ ಕಾಂಕ್ರೀಟು ದಿಮ್ಮಿ, ಅದಕ್ಕೆ ಸರಪಳಿ, ಸರಪಳಿಗೆ ತೇಲುವ ಬುರುಡೆ, ಬುರುಡೆಗೆ ನಿಮ್ಮ ದೋಣಿ. ಇದಕ್ಕೆ ಸರ್ಕಾರದ ಪರವಾನಗಿ. ಒಳ್ಳೆಯ ಕೊಲ್ಲಿಗಳಿಗೆ ಕಾಯುವವರ ಪಟ್ಟಿ ಉಂಟು. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಸೀಮೆಯಿಂದ ಬಂದ ನನಗೆ ಪಟ್ಟಿಯ ಭಯವಿರಲಿಲ್ಲ. ಕೆಲವು ತಿಂಗಳಲ್ಲೇ ಮಿಡ್ಲ್ ಹಾರ್ಬರಿನ ಹಿಂಬದಿಯ ಶುಗರ್‌ಲೋಫ್ ಕೊಲ್ಲಿಯಲ್ಲಿ ಜಾಗ ಸಿಕ್ಕಿತು. ದಡದ ಬಂಗಲೆಗಳ ಬೆಲೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಕೈಗೆ ಎಟುಕುವಂಥದ್ದಲ್ಲ. ಆದರೆ ಅವರು ಕೋಟಿ ಕೊಟ್ಟು ಕೊಂಡ ಕಿಟಕಿಯ ನೋಟದಲ್ಲಿ ಪಾಚಿ ಹಿಡಿದ ನನ್ನ ದೋಣಿಯೂ ಸೇರಿದೆಯಲ್ಲ ಎಂಬ ಸಣ್ಣ ಸಂತೋಷ ನನಗಿತ್ತು.

ಆ ವರ್ಷದ ಆಯುಧಪೂಜೆ ಮರೆಯುವ ಹಾಗಿಲ್ಲ. ಪೂಜೆಗೆ ನಾಲ್ಕು ದಿನ ಮುಂಚೆ, ಸೆಪ್ಟೆಂಬರ್ 23ರಂದು, ಒಳನಾಡಿನ ಮರುಭೂಮಿಯ ಕೆಂಪು ಧೂಳು ಗಾಳಿಗೆ ಎದ್ದು ಬಂದು ಇಡೀ ಸಿಡ್ನಿಯನ್ನು ಮುಚ್ಚಿತ್ತು. ಬೆಳಗಾಗೆದ್ದು ನೋಡಿದರೆ ಆಕಾಶ, ಹಾರ್ಬರ್ ಸೇತುವೆ, ಒಪೇರಾ ಹೌಸ್, ಎಲ್ಲವೂ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತೆ. ಭಾನುವಾರ ನಾವು ಹೂವು, ತೆಂಗಿನಕಾಯಿ, ನಿಂಬೆಹಣ್ಣು, ಬೂದುಗುಂಬಳ ಹಿಡಿದು ಕೊಲ್ಲಿಗೆ ಹೋದಾಗ ದೋಣಿ ತನಗೆ ತಾನೇ ಕುಂಕುಮ ಬಳಿದುಕೊಂಡು ಕೂತಿತ್ತು. ತೊಳೆದೆವು. ಹಾರ ಹಾಕಿದೆವು. ನಿಂಬೆಹಣ್ಣಿನ ಹತ್ತಿರ ಬಂದಾಗ ಪೂಜೆ ನಿಂತಿತು. ಕಾರಾದರೆ ಚಕ್ರದಡಿ ಇಟ್ಟು ಮುಂದೆ ಚಲಾಯಿಸಬಹುದು. ಇದಕ್ಕೆ ಚಕ್ರ ಎಲ್ಲಿ? ಚುಕ್ಕಾಣಿಯಡಿ ಇಡೋಣವೆಂದರೆ ಅದು ನೀರೊಳಗೆ. ಕೊನೆಗೆ ಹೆಂಡತಿ ಅದನ್ನು ಹಿಂಡಿ ಪಾನಕ ಮಾಡಿದಳು. ಕುಂಬಳಕಾಯಿಯನ್ನು ಹಾರ್ಬರಿನಲ್ಲಿ ಒಡೆದು ಎಸೆದರೆ ದಂಡ ಬೀಳುತ್ತದೆಂಬ ಭಯಕ್ಕೆ ಮನೆಗೆ ತಂದು ಹುಳಿ ಮಾಡಿ ತಿಂದೆವು. ನೂಲ ಹುಣ್ಣಿಮೆಯ ಸಮುದ್ರಪೂಜೆಯಲ್ಲಿ ನಮ್ಮೂರಿನವರು ಕಡಲಿಗೆ ಹಾಲು ಹೊಯ್ದು ತೆಂಗಿನಕಾಯಿ ಬಿಡುತ್ತಾರೆ, ದಂಡ ಹಾಕುವವರು ಯಾರೂ ಇಲ್ಲ. ನನ್ನ ದೋಣಿಗೆ ಆಮೇಲೆ ಬಂದ ಕಷ್ಟಗಳಿಗೆಲ್ಲ ಆ ಕುಂಬಳಕಾಯಿ ಹುಳಿಯೇ ಮೂಲ ಎಂದು ಅಮ್ಮ ಫೋನಿನಲ್ಲಿ ತೀರ್ಪು ಕೊಟ್ಟಳು.

ಕಷ್ಟ ಎಂದರೆ ಲೆಕ್ಕ. ನಾನು ಲೆಕ್ಕ ಬರೆದಿಡುವ ಜಾತಿಯ ಮನುಷ್ಯ, ಅದೇ ತಪ್ಪಾಯಿತು. ಮೂರಿಂಗಿನ ಶುಲ್ಕ. ವರ್ಷಕ್ಕೊಮ್ಮೆ ಅದರ ಸರಪಳಿ ಎತ್ತಿ ನೋಡಿ ಸವೆದ ಕೊಂಡಿ ಬದಲಿಸುವವರ ಕೂಲಿ. ವಿಮೆ. ನ್ಯೂ ಸೌತ್ ವೇಲ್ಸ್‌ನಲ್ಲಿ 5.5 ಮೀಟರು ಅಥವಾ ಅದಕ್ಕಿಂತ ಉದ್ದದ ದೋಣಿಗೆ ನೋಂದಣಿ ಕಡ್ಡಾಯ, ಅದರ ದುಡ್ಡು. ಮತ್ತೆ ತಳದ ಬಣ್ಣ. ಉಪ್ಪುನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಚಿಪ್ಪುಗಳು ಅಂಟಿ ಸಂಸಾರ ಹೂಡುತ್ತವೆ. ಅವಕ್ಕೆ ಆಗದ ತಾಮ್ರದ ಬಣ್ಣವನ್ನು ವರ್ಷಕ್ಕೊಮ್ಮೆ ಬಳಿಯಬೇಕು, ಬಳಿಯಲು ದೋಣಿಯನ್ನು ಸ್ಲಿಪ್‌ವೇ ಮೇಲೆ ಎಳೆಯಬೇಕು, ಎಳೆದಿಟ್ಟಷ್ಟು ದಿನ ಬಾಡಿಗೆ ಕಟ್ಟಬೇಕು. ಮಳೆ ಬಂದರೆ ಬಣ್ಣ ಒಣಗುವುದಿಲ್ಲ, ಬಾಡಿಗೆಗೆ ಮಾತ್ರ ಮಳೆಯ ಹಂಗಿಲ್ಲ. ಅಲ್ಲಿ ಮಂಡಿಯೂರಿ ಚಿಪ್ಪು ಕೆರೆಯುವಾಗ ಅಜ್ಜನ ದೋಣಿಗೆ ಸವರುತ್ತಿದ್ದ ಗೇರೆಣ್ಣೆಯ ಕಟು ವಾಸನೆ ಮೂಗಿಗೆ ಬಂದಂತಾಗುತ್ತಿತ್ತು.

ಇನ್ನು ದೋಣಿ ಸಾಮಾನಿನ ಅಂಗಡಿ. ಬನ್ನಿಂಗ್ಸ್‌ನಲ್ಲಿ ನಟ್ಟು-ಬೋಲ್ಟು ಎಂದರೆ ಒಂದು ಬೆಲೆ. ಅದೇ ವಸ್ತುವಿನ ಹಿಂದೆ 'ಮರೀನ್' ಎಂಬ ಪದ ಸೇರಿದರೆ ಮೂರು ಪಟ್ಟು. ಊರಲ್ಲಿ ಮದುವೆಗೆ ಎಂದ ಕೂಡಲೇ ಸೇವಂತಿಗೆಯ ಬೆಲೆ ಏರುತ್ತದಲ್ಲ, ಹಾಗೆ. ಇಲ್ಲಿಯವರೇ ಇದಕ್ಕೊಂದು ಗಾದೆ ಮಾಡಿಕೊಂಡಿದ್ದಾರೆ: ದೋಣಿಯೆಂದರೆ ದುಡ್ಡು ಸುರಿಯಲು ನೀರಿನಲ್ಲಿ ತೋಡಿದ ಗುಂಡಿ. ನಮ್ಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಗಾದೆಗೆ ಅದು ದೂರದ ನೆಂಟ.

ಮೊದಲ ವರ್ಷದ ಲೆಕ್ಕ 3,100 ಡಾಲರಿಗೆ ನಿಂತಿತು. ಆ ವರ್ಷ ನಾನು ಹಾಯಿ ಎತ್ತಿದ್ದು 11 ಸಲ. ಒಂದು ಸಲಕ್ಕೆ 282 ಡಾಲರು ಬಿತ್ತು, ಪುಳಿಯೋಗರೆಯ ಖರ್ಚು ಬಿಟ್ಟು. ಅದೇ ನೀರಿನ ಮೇಲೆ ಮ್ಯಾನ್ಲಿ ಫೆರಿ ಹತ್ತು ಡಾಲರಿಗೂ ಕಡಿಮೆಗೆ ಕರೆದುಕೊಂಡು ಹೋಗುತ್ತಿತ್ತು. ಕೂರಲು ಬೆಂಚು ಬೇರೆ. ಕಾಗದವನ್ನು ಮಡಿಸಿ ಹೆಂಡತಿಗೆ ಕಾಣದ ಕಡೆ ಇಟ್ಟೆ. ಅವಳಿಗೆ ಆ ಜಾಗ ಮೊದಲೇ ಗೊತ್ತಿತ್ತು. 2010ರ ಮೇ 15ರಂದು ಹದಿನಾರು ವರ್ಷದ ಜೆಸಿಕಾ ವಾಟ್ಸನ್ ಎಂಬ ಹುಡುಗಿ ಒಬ್ಬಳೇ ಹಾಯಿದೋಣಿಯಲ್ಲಿ 210 ದಿನ ಪ್ರಪಂಚ ಸುತ್ತಿ ಸಿಡ್ನಿಗೆ ಮರಳಿದಳು. ಪ್ರಧಾನಿಯೇ ಎದುರುಗೊಂಡರು. ಟಿವಿ ನೋಡುತ್ತಿದ್ದ ಹೆಂಡತಿ ಕಾಗದ ಬಿಡಿಸಿ ನನ್ನ ಮುಂದಿಟ್ಟು, "ನೀವು ಇನ್ನೂ ಸ್ಪಿಟ್ ಬ್ರಿಜ್ಜು ದಾಟಿಲ್ಲ" ಎಂದಳು.

ನಿಜ, ದಾಟಿರಲಿಲ್ಲ. ಮಿಡ್ಲ್ ಹಾರ್ಬರಿನ ಒಳಭಾಗದಿಂದ ಹೊರಗೆ ಹೋಗಬೇಕಾದರೆ ಈ ಸೇತುವೆ ಅಡ್ಡ. 1958ರಲ್ಲಿ ಕಟ್ಟಿದ್ದು. ಎತ್ತರದ ಹಾಯಿಕಂಬ ಇದ್ದವರಿಗಾಗಿ ದಿನಕ್ಕೆ ಕೆಲವು ಸಲ, ಗೊತ್ತುಪಡಿಸಿದ ವೇಳೆಗೆ, ರಸ್ತೆಯ ಒಂದು ತುಂಡು ಬಾಗಿಲಿನಂತೆ ಮೇಲೆ ಏಳುತ್ತದೆ. ಎರಡೂ ಕಡೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅದೇ ವರ್ಷ ವಿಸಿಟರ್ ವೀಸಾದಲ್ಲಿ ಬಂದ ಅಪ್ಪಯ್ಯನನ್ನು ಕೂರಿಸಿಕೊಂಡು ಕೊನೆಗೂ ಹೊರಟೆ. ಗಂಟೆ ಬಡಿಯಿತು, ಗೇಟು ಬಿತ್ತು, ರಸ್ತೆ ಎದ್ದಿತು. ಬೆಂಜು, ಬಿಎಂಡಬ್ಲ್ಯು, ಬಸ್ಸು, ಆಂಬುಲೆನ್ಸನ್ನು ಬಿಟ್ಟರೆ ಸಿಡ್ನಿಯಲ್ಲಿ ಏನೇನು ಓಡುತ್ತದೋ ಎಲ್ಲವೂ ನನ್ನ ಆರೂವರೆ ಸಾವಿರದ ದೋಣಿಗಾಗಿ ನಿಂತವು. ಎಂಟು ಅಶ್ವಶಕ್ತಿಯ ಮೋಟಾರು ಟರ್ರೆನ್ನುತ್ತಾ ನಾವು ದಸರಾ ಆನೆಯಂತೆ ಅಡಿಯಲ್ಲಿ ಸಾಗಿದೆವು. ಅಪ್ಪಯ್ಯ ತಲೆಯೆತ್ತಿ ನೋಡಿ ಪಂಚೆ ಸರಿಮಾಡಿಕೊಂಡರು.

ಆಚೆ ಬಂದ ಮೇಲೆ ಅವರ ವಿಚಾರಣೆ ಸುರುವಾಯಿತು. "ಮೀನ್ ಹಿಡುಕಾ?" ಅಲ್ಲ ಅಂದೆ. "ಆಚಿ ದಡಕ್ ಹೋಪುಕಾ?" ಅಲ್ಲ, ಸುಮ್ಮನೆ ಹೋಗಿ ಬರುವುದು. ಅವರು ಸ್ವಲ್ಪ ಹೊತ್ತು ನೀರು ನೋಡಿದರು. "ಇಂಜಿನ್ ಇತ್ತಲ, ಮತ್ ಈ ಹಾಯಿ ಎಂತಕೆ?"

ಉತ್ತರ ಹುಡುಕುತ್ತಿದ್ದೆ. ಕ್ಲಾಂಟಾರ್ಫ್ ಮುಂದೆ ಬಂದಾಗ ಮೋಟಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಗ್ಗ ಎಳೆದೆ, ಮತ್ತೆ ಎಳೆದೆ. ಮಧ್ಯಾಹ್ನದ ಈಶಾನ್ಯ ಗಾಳಿ ಆಗಲೇ ಎದ್ದಿತ್ತು, ದೋಣಿ ಮೆಲ್ಲಗೆ ಬಂಡೆಯ ಕಡೆ ಜಾರುತ್ತಿತ್ತು. ಅಪ್ಪಯ್ಯ ಎದ್ದರು. ನನ್ನನ್ನು ಬದಿಗೆ ಸರಿಸಿ ಚುಕ್ಕಾಣಿಯ ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಹಾಯಿ ಎತ್ತ್" ಎಂದರು. ಎತ್ತಿದೆ. ಬಟ್ಟೆ ಪಟಪಟನೆ ಬಡಿದುಕೊಂಡಿತು. ಅವರು ಹಗ್ಗವನ್ನು ಒಂದು ಗೇಣು ಎಳೆದರು, ಅಷ್ಟೆ. ಬಡಿತ ನಿಂತಿತು. ನನ್ನ ಕೈಯಲ್ಲಿ ವರ್ಷವಿಡೀ ಎಮ್ಮೆಯಂತೆ ಮೊಂಡು ಹೂಡುತ್ತಿದ್ದ ದೋಣಿ ಮಗ್ಗುಲಾಗಿ ಓಡಿತು. ನಾನು ಮೂರು ಪುಸ್ತಕ ಓದಿ, ಐನೂರು ಡಾಲರಿನ ಕೋರ್ಸು ಮಾಡಿ ಕಲಿಯದೆ ಹೋದದ್ದು ಅವರಿಗೆ ಹದಿನೈದರ ವಯಸ್ಸಿನಲ್ಲೇ ಅಂಗೈಗೆ ಹತ್ತಿತ್ತು, ಮೋಟಾರು ಬಂದ ದಿನವೇ ಅವರು ಅದನ್ನು ಮರೆತೆನೆಂದುಕೊಂಡಿದ್ದರು. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಬಾಲ್ಮೋರಲ್ ಹಿಂದಕ್ಕೆ ಸರಿಯಿತು. ಸಿಡ್ನಿ ಹೆಡ್ಸ್‌ನ ಬಂಡೆಗಳ ನಡುವಿನಿಂದ ಹೊರಗಡಲಿನ ಉಬ್ಬು ಬಂದು ದೋಣಿಯನ್ನು ಎತ್ತಿ ಇಳಿಸಿತು. ಅವರ ಮುಖದಲ್ಲಿ ನಾನು ಹಿಂದೆಂದೂ ನೋಡದ ಒಬ್ಬ ಹುಡುಗ ಕೂತಿದ್ದ. ಆಮೇಲೆ ಅವರೇ ಮೋಟಾರಿನ ಪ್ಲಗ್ ಬಿಚ್ಚಿ, ಪಂಚೆಯ ಸೆರಗಿನಲ್ಲಿ ಒರೆಸಿ ಹಾಕಿ ಸುರುಮಾಡಿದರು. ಸಂಜೆ ಮನೆಯಲ್ಲಿ ಹೆಂಡತಿ ಹೇಗಿತ್ತು ಎಂದಾಗ, "ಎರಡೂವರೆ ಲಕ್ಷಕ್ ಒಂದ್ ಮೀನಿಲ್ಲ" ಎಂದು ಕೈ ತೊಳೆದು ಊಟಕ್ಕೆ ಕೂತರು.

ಆ ಅರ್ಧ ಗಂಟೆಯನ್ನು ನಾನು ಲೆಕ್ಕದ ಕಾಗದದಲ್ಲಿ ಯಾವ ಕಲಮಿನಲ್ಲೂ ಹಾಕಲಾರದೆ ಹೋದೆ. ಇನ್ನೂ ಏಳು ವರ್ಷ ದೋಣಿ ಸಾಕಿದೆ.

ಹಾಯಿದೋಣಿಯ ಹುಚ್ಚಿಗೆ ದೊಡ್ಡವರೂ ಹೊರತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. 1983ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ 2 ಎಂಬ ದೋಣಿ 132 ವರ್ಷ ಅಮೆರಿಕದವರ ಕೈಯಲ್ಲೇ ಇದ್ದ ಅಮೆರಿಕಾಸ್ ಕಪ್ಪನ್ನು ಕಿತ್ತುಕೊಂಡು ಬಂದಾಗ, ಇವತ್ತು ಕೆಲಸಕ್ಕೆ ಬಾರದವನನ್ನು ತೆಗೆದುಹಾಕುವ ಧಣಿ ಅಯೋಗ್ಯ ಎಂದು ಪ್ರಧಾನಿ ಬಾಬ್ ಹಾಕ್ ಟಿವಿಯಲ್ಲೇ ಸಾರಿದರು. ಅದಕ್ಕೆ ದುಡ್ಡು ಸುರಿದ ಉದ್ಯಮಿ ಆಲನ್ ಬಾಂಡ್ ಆವತ್ತು ದೇಶದ ಕಣ್ಮಣಿ. 1992ರಲ್ಲಿ ಅವರು ದಿವಾಳಿ, ಆಮೇಲೆ ಜೈಲು. ದೋಣಿಯಿಂದಲೇ ಹಾಗಾಯಿತು ಎಂದು ನಾನು ಹೇಳುವುದಿಲ್ಲ. ನನ್ನ ಹೆಂಡತಿ ಹೇಳುತ್ತಾಳೆ. ಡಿಸೆಂಬರ್ 26ಕ್ಕೆ ಹಾರ್ಬರಿನಿಂದ ಹೊರಡುವ ಸಿಡ್ನಿ-ಹೋಬಾರ್ಟ್ ಸ್ಪರ್ಧೆಯಲ್ಲೂ ಅಷ್ಟೆ. 1945ರ ಮೊದಲ ಸ್ಪರ್ಧೆಗೆ ಬಂದ ದೋಣಿಗಳು ಒಂಬತ್ತು, ಗೆದ್ದದ್ದು 35 ಅಡಿಯ ಒಂದು ದೋಣಿ, ಹೆಸರು 'ರಾಣಿ'. ಆರು ದಿನ ಹದಿನಾಲ್ಕು ಗಂಟೆ ತೆಗೆದುಕೊಂಡಿತು. 2017ರಲ್ಲಿ ನೂರಡಿಯ 'ಕಮಾಂಚಿ' ಅದೇ 628 ನಾಟಿಕಲ್ ಮೈಲಿಯನ್ನು ಒಂದು ದಿನ ಒಂಬತ್ತು ಗಂಟೆ ಚಿಲ್ಲರೆಯಲ್ಲಿ ಮುಗಿಸಿತು. ನನ್ನ ಒಲವೇನಿದ್ದರೂ ರಾಣಿಯ ಕಡೆಗೆ. ನಮ್ಮ ದೋಣಿಗೆ ಆ ಹೆಸರಿಡಬೇಕೆಂದಿದ್ದೆ, ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ.

2017ರಲ್ಲಿ ಕೆಲಸ ನನ್ನನ್ನು ಮೆಲ್ಬರ್ನಿಗೆ ಎಸೆಯಿತು. ದೋಣಿಯನ್ನು ಸಮುದ್ರದಲ್ಲಿ ತರಬೇಕಾದರೆ ಗೇಬೋ ದ್ವೀಪ ಸುತ್ತಿ ಬಾಸ್ ಜಲಸಂಧಿಯ ಅಲೆಗೆ ಬೀಳಬೇಕು, ಆ ಎದೆಗಾರಿಕೆ ನನ್ನದಲ್ಲ. ಲಾರಿಯಲ್ಲಿ ತರಿಸಲು ಕೇಳಿದ ಬಾಡಿಗೆ ದೋಣಿಯ ಬೆಲೆಗಿಂತ ಹೆಚ್ಚು. ಇದೇ ಹೊತ್ತಿಗೆ, ದಡದಲ್ಲಿ ಮರಕ್ಕೆ ಬೀಗ ಹಾಕಿ ಕಟ್ಟಿದ್ದ, ದೋಣಿಗೆ ಹೋಗಿಬರುವ ನಮ್ಮ ಪುಟ್ಟ ಡಿಂಗಿಯನ್ನು ಯಾರೋ ಸರಪಳಿ ಕತ್ತರಿಸಿ ಒಯ್ದರು. ಹುಟ್ಟುಗಳು ನನ್ನ ಕಾರಿನ ಡಿಕ್ಕಿಯಲ್ಲಿದ್ದವು, ಉಳಿದವು. ದೋಣಿ ಮಾರಾಟಕ್ಕಿಟ್ಟೆ. ಮೂರು ತಿಂಗಳಿಗೆ ಒಬ್ಬ ಹುಡುಗ ಬಂದ, ಒಂದು ಬೆನ್ನುಚೀಲ, ಒಂದು ಗಿಟಾರು. ಒಳಗಿಳಿದು ಮಂಚ ಒತ್ತಿ ನೋಡಿದ, ಒಲೆ ಹಚ್ಚಿ ನೋಡಿದ. ಹಾಯಿ ಬಿಚ್ಚಿ ತೋರಿಸಲು ಹೋದರೆ ಬೇಡವೆಂದ. ಅವನಿಗೆ ಬೇಕಿದ್ದದ್ದು ಮನೆ. ಖಾಸಗಿ ಮೂರಿಂಗಿನಲ್ಲಿ ಕಾಯಂ ಬಿಡಾರ ಹೂಡುವಂತಿಲ್ಲ ಎಂದೆ. ಗೊತ್ತು ಎಂದು ನಕ್ಕ. ಸಿಡ್ನಿಯಲ್ಲಿ ಎರಡು ರೂಮಿನ ಫ್ಲಾಟಿನ ಒಂದು ತಿಂಗಳ ಬಾಡಿಗೆ ಎಷ್ಟೋ, ಹೆಚ್ಚುಕಡಿಮೆ ಅಷ್ಟಕ್ಕೇ ಕೊಟ್ಟುಬಿಟ್ಟೆ. ದೋಣಿ ಇದ್ದವನ ಬಾಳಿನಲ್ಲಿ ಎರಡು ಸುಖದ ದಿನ, ಕೊಂಡ ದಿನ ಮತ್ತು ಮಾರಿದ ದಿನ ಎಂದು ಎಲ್ಲರೂ ಹೇಳುತ್ತಾರೆ. ಎರಡನೆಯ ದಿನ ನಾನು ವೆಂಟ್‌ವರ್ತ್‌ವಿಲ್ ತನಕ ರೇಡಿಯೋ ಹಾಕದೆ ಕಾರು ಓಡಿಸಿದೆ.

ಮೆಲ್ಬರ್ನಿನ ನೀರು ಬೇರೆ ಥರ. ಪೋರ್ಟ್ ಫಿಲಿಪ್ ಕೊಲ್ಲಿ ನೋಡಲು ಸಮುದ್ರ, ಆಳದಲ್ಲಿ ಕೆರೆ. ಅರ್ಧ ಭಾಗ ಎಂಟು ಮೀಟರು ಆಳವೂ ಇಲ್ಲ. ಗಾಳಿ ಬೀಸಿದರೆ ಗಿಡ್ಡ ಗಿಡ್ಡ ಅಲೆ ಎದ್ದು ಬೆನ್ನುಮೂಳೆಗೆ ಗುದ್ದುತ್ತದೆ. ಹವೆಯೂ ಒಂದೇ ದಿನದಲ್ಲಿ ನಾಲ್ಕು ಋತು ತೋರಿಸುತ್ತದೆ. 2022ರ ಮೇಯಿಂದ ಮುಂದಿನ ವರ್ಷದ ನವೆಂಬರಿನೊಳಗೆ ರಿಸರ್ವ್ ಬ್ಯಾಂಕು ಹದಿಮೂರು ಸಲ ಬಡ್ಡಿ ಏರಿಸಿ ಶೇ. 0.10 ಇದ್ದದ್ದನ್ನು 4.35ಕ್ಕೆ ಒಯ್ದಿತು. ನಮ್ಮ ಬೀದಿಯ ಮನೆಮನೆಯಲ್ಲಿ ಕಂತಿನ ಮಾತು. ದೋಣಿಗಳ ಬೆಲೆ ಮತ್ತೆ ಇಳಿದಿದೆ ಎಂದು ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬ ಗೆಳೆಯ ಉತ್ಸಾಹದಿಂದ ಹೇಳಿದ, ನಾಲ್ಕು ಜನ ಸೇರಿ ಒಂದು ಕೊಳ್ಳೋಣವೇ ಎಂದ. ಒಬ್ಬಟ್ಟು ಬಡಿಸುತ್ತಿದ್ದ ನನ್ನ ಹೆಂಡತಿ, "ನಾಲ್ಕು ಜನ ಸೇರಿ ಹೊರುವುದು ಒಂದನ್ನೇ" ಎಂದಳು. ಪ್ರಸ್ತಾಪ ಅಲ್ಲಿಗೆ ನಿಂತಿತು. ದೋಣಿ ಅಗ್ಗವಾಗುವುದು ನಮ್ಮ ಕಿಸೆ ಬರಿದಾದ ವರ್ಷವೇ ಎಂಬುದನ್ನು ನಾನು ಒಮ್ಮೆ ಕಲಿತಿದ್ದೇನೆ, ಅವನಿಗೆ ಇನ್ನೂ ಹೊಸತು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಟ ನೋಡಲು ಮೇಳ ಕಟ್ಟಬೇಕಿಲ್ಲ. ಬೇಸಿಗೆಯಲ್ಲಿ ಸಂಜೆ ಎಂಟು ದಾಟಿದರೂ ಬೆಳಕಿರುವ ಆ ತಿಂಗಳುಗಳಲ್ಲಿ ಬುಧವಾರ ವಿಲಿಯಮ್ಸ್‌ಟೌನಿನ ಕ್ಲಬ್ಬುಗಳ ಕಟ್ಟೆಯ ಮೇಲೆ ಹೋಗಿ ನಿಂತರೆ, ಆಳು ಸಾಲದ ಯಾವುದಾದರೂ ದೋಣಿಯವರು ಕರೆಯುತ್ತಾರೆ. ನಾನು ಹತ್ತುವ ದೋಣಿಯ ಯಜಮಾನ ಎಪ್ಪತ್ತು ದಾಟಿದ ನಿವೃತ್ತ ಪ್ಲಂಬರು. ಮೂರಿಂಗು, ವಿಮೆ, ತಾಮ್ರದ ಬಣ್ಣ ಎಲ್ಲ ಅವರ ಪಾಲಿನ ಪುಣ್ಯ. ನನ್ನ ಕೆಲಸ ಗಾಳಿ ಬರುವ ಬದಿಯ ಕಂಬಿಗೆ ಆತು, ಕಾಲು ಹೊರಗೆ ಇಳಿಬಿಟ್ಟು, ತೂಕವಾಗಿ ಕೂರುವುದು. ಈ ಹುದ್ದೆಗೆ ಇಲ್ಲಿ 'ರೈಲ್ ಮೀಟ್' ಎನ್ನುತ್ತಾರೆ, ಕಂಬಿಗೆ ನೇತುಹಾಕಿದ ಮಾಂಸ. ಐವತ್ತು ದಾಟಿದ ಮೇಲೆ ನನ್ನ ಹೊಟ್ಟೆಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿಲ್ಲ. ವೆಸ್ಟ್‌ಗೇಟ್ ಸೇತುವೆಯ ಹಿಂದೆ ಪೇಟೆಯ ದೀಪ ಹತ್ತಿಕೊಳ್ಳುವಾಗ ಯಜಮಾನರು ಒಮ್ಮೊಮ್ಮೆ ಚುಕ್ಕಾಣಿ ಕೊಡುತ್ತಾರೆ. ಆಗ ಹಗ್ಗವನ್ನು ಒಂದು ಗೇಣು ಎಳೆದು ನೋಡುತ್ತೇನೆ. ಕೆಲವು ಸಲ ಬಡಿತ ನಿಲ್ಲುತ್ತದೆ.

ಬರುವುದಾದರೆ ಬನ್ನಿ, ದುಡ್ಡು ಬೇಡ. ಬೂಟಿನ ಅಟ್ಟೆ ಬಿಳಿಯದಾಗಿರಲಿ, ಕರಿ ಅಟ್ಟೆ ದೋಣಿಯ ಮೇಲೆ ಗೀರು ಬಿಡುತ್ತದೆಂದು ಯಜಮಾನರು ಬೈಯುತ್ತಾರೆ. ಒಂದು ಡಬ್ಬಿ ಚಕ್ಕುಲಿ ತಂದರೆ ಮುಂದಿನ ಬುಧವಾರವೂ ಕರೆಯುತ್ತಾರೆ.